ಕುಂಕುಮ ಹತ್ತಿದ ಹರಳು

ಮೂರ್ತಿ ಸರ್ ತಲೆಯಲ್ಲಿ ಇನ್ನೂ ಕಪ್ಪು ಕೂದಲಿದ್ದ ಕಾಲದಲ್ಲಿ, ಥೇಮ್ಸ್ ನದಿಯಿಂದ ನಡೆದು ಹೋಗುವಷ್ಟು ದೂರದ ಒಂದು ನೆಲಮಾಳಿಗೆಯಲ್ಲಿ, ಒಂದು ಅರಮನೆ ಇತ್ತಂತೆ. ಕಪ್ಪಗೆ, ಕನ್ನಡಿಯ ಹಾಗೆ ಹೊಳೆಯುವ ಅರಮನೆ. ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಆದರೆ ಅದಕ್ಕೆ ಅರವತ್ತು ಸಾವಿರಕ್ಕೂ ಮಿಕ್ಕಿ ಅಂತಸ್ತುಗಳು. ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲಿಲ್ಲ. ಪ್ರತಿ ಅಂತಸ್ತಿನಲ್ಲೂ ಜನವೋ ಜನ. ಸೆಕೆಗಾಲದಲ್ಲಿ ಅವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ, ಕಂಬಕ್ಕೆ ಎಡವುತ್ತ, ಬೆವರುತ್ತ ಓಡಾಡುತ್ತಿದ್ದರು. ಆದರೆ ಕಟುವಾದ ಚಳಿ ಬಿತ್ತೆಂದರೆ ಸಾಕು, ಇಬ್ಬಿಬ್ಬರು ಕೈಹಿಡಿದು ಜೋಡಿಯಾಗುತ್ತಿದ್ದರು, ಜೋಡಿಗಳೆಲ್ಲ ಒಂದೇ ಹೆಜ್ಜೆಯಲ್ಲಿ ಜಾರುತ್ತಿದ್ದವು. ಆಮೇಲೆ ಡಿಕ್ಕಿಯಿಲ್ಲ, ಎಡವುವುದಿಲ್ಲ, ದಣಿವೆಂಬುದೇ ಇಲ್ಲ.

ಅರಮನೆ ಕಟ್ಟಿದವನಿಗೆ ಒಂದೇ ಚಿಂತೆ. ಇದರಲ್ಲಿ ಒಂದೇ ಒಂದು ಅಂತಸ್ತನ್ನು ಬಿಡಿಸಿ ಬಯಲಲ್ಲಿಟ್ಟರೆ, ಮೇಲೆ ಯಾರೂ ಇಲ್ಲದೆ, ಕೆಳಗೆ ಯಾರೂ ಇಲ್ಲದೆ, ಆ ಜನ ಹಾಗೆಯೇ ಜಾರುತ್ತಾರೋ, ಇಲ್ಲಾ ದಿಕ್ಕೆಟ್ಟು ನಿಂತುಬಿಡುತ್ತಾರೋ? ಅವನು ಕೇಳಿಕೊಂಡು ಕೇಳಿಕೊಂಡು ಮುದುಕನಾದ. ಕಡೆಗೆ ಒಂದು ದಿನ ಒಬ್ಬ ಹುಡುಗಿಗೆ ಆ ಕೆಲಸ ವಹಿಸಿದ. ಅವಳು ಮಾಡುತ್ತೇನೆಂದು ಮಾತು ಕೊಟ್ಟಳು.

ಈ ಕತೆ ನನ್ನ ಆಯಿಯದಲ್ಲ. ಆಯಿ ಅಂದರೆ ಅಜ್ಜಿ. ವಿಜಯಪುರದ ಕಡೆಯವರಾದ ನಾವು ಹಾಗೆ ಕರೆಯುತ್ತೇವೆ. ಕೆಂಟನ್ನಿನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ, ರೇಡಿಯೇಟರಿಗೆ ಬೆನ್ನು ಕೊಟ್ಟು ಕೌದಿ ಹೊದ್ದು ಕೂತು ಆಯಿ ಹೇಳುತ್ತಿದ್ದ ಕತೆಗಳಲ್ಲಿ ಅರಮನೆಗಳಿಗೆ ಏಳೇ ಅಂತಸ್ತು. ಅಂತಸ್ತು ಏರಿಸಿದ್ದು ನಾನು. ಆದರೆ ನಿಯಮ ಮಾತ್ರ ಆಯಿಯದೇ. ಕತೆಯಲ್ಲಿ ಯಾರಾದರೂ ಮಾತು ಕೊಟ್ಟರೆ, ಅದು ತೀರುವ ತನಕ ನಿಲ್ಲಿಸುವಂತಿಲ್ಲ. ನಡುವೆ ನನಗೆ ನಿದ್ದೆ ಬಂದರೆ ತೊಡೆ ಚಿವುಟುತ್ತಿದ್ದಳು. "ಏಳವಾ ಪ್ರಾಚಿ, ಅರ್ಧಾಕ್ಕ ಬಿಟ್ರ ಪಾಪ ಆ ರಾಜಕುಮಾರ ಗಿಡದ ಮ್ಯಾಲೇ ಕುಂತಿರತಾನ!"

ಮೂರ್ತಿ ಸರ್ ನನಗೆ ಸಿಕ್ಕಿದ್ದು ಎರಡು ವರ್ಷದ ಹಿಂದೆ, ಹ್ಯಾರೋ ಕಡೆಯ ಒಂದು ಶಾಲೆಯ ಹಾಲಿನಲ್ಲಿ ನಡೆದ ರಾಜ್ಯೋತ್ಸವದ ಊಟದ ಸಾಲಿನಲ್ಲಿ. ಪೂರ್ತಿ ಹೆಸರು ನರಸಿಂಹಮೂರ್ತಿ. ಮೈಸೂರಿನವರು, ನಲವತ್ತು ವರ್ಷದಿಂದ ಲಂಡನ್ನಿನಲ್ಲಿದ್ದವರು. ಕೈಯಲ್ಲಿ ಬಿಸಿಬೇಳೆಬಾತಿನ ಪೇಪರ್ ತಟ್ಟೆ ಹಿಡಿದು, ಸುಮ್ಮನೆ ಮಾತಿಗೆ, "ಏನಮ್ಮಾ ಓದ್ತಿದ್ದೀಯಾ?" ಎಂದರು.

"ಫಿಸಿಕ್ಸ್ ರೀ ಸರ್. ಪಿಎಚ್‌ಡಿ."

"ಯಾವುದರ ಮೇಲೆ?"

"ಸೂಪರ್‌ಕಂಡಕ್ಟರ್. ಬಿಸ್ಮತ್, ತಾಮ್ರ, ಆಮ್ಲಜನಕ ಎಲ್ಲಾ ಸೇರಿರೋ ಪದರು ಪದರಿನ ಹರಳು."

ಅವರ ಚಮಚ ಬಾಯಿಯ ಹತ್ತಿರವೇ ನಿಂತಿತು. ಹಿಂದಕ್ಕೆ ತಿರುಗಿ ಕೂಗಿದರು: "ಶೋಭಾ! ಬಾ ಇಲ್ಲಿ. ಈ ಮಗು ನಮ್ಮ ಹರಳಿನ ಮನೆಯವಳು ಕಣೇ!"

ಅವರ ಹೆಂಡತಿ ಶೋಭಾ ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದ್ರೆ ಮುಗೀತು. ಇವರ ಮಾತಲ್ಲಿ ಇವತ್ತು ನಿನಗೆ ಮೊಸರನ್ನ ಸಿಗಲ್ಲಮ್ಮಾ. ಬೇಗ ತಟ್ಟೆ ತುಂಬಿಸ್ಕೊಂಡು ಕೂತ್ಕೋ" ಎಂದರು. ಅವರು ಹೇಳಿದ ಹಾಗೆಯೇ ಆಯಿತು.

ಅವತ್ತಿನಿಂದ ತಿಂಗಳಿಗೊಂದು ಶನಿವಾರ ಕ್ರೋಯ್ಡನ್ನಿನ ಅವರ ಫ್ಲಾಟಿಗೆ ಹೋಗುವುದು ರೂಢಿಯಾಯಿತು. ಒಂಬತ್ತನೇ ಮಹಡಿ. ಕೆಳಗೆ ಟ್ರಾಮುಗಳು ಆಟಿಕೆಗಳ ಹಾಗೆ ತಿರುಗುತ್ತಿದ್ದವು. ಸರ್ ಕಿಟಕಿಯ ಪಕ್ಕ ಕೂತು ಎಂಬತ್ತೇಳನೇ ಇಸವಿಯ ಬಗ್ಗೆ ಹೇಳುತ್ತಿದ್ದರು. ಅದಕ್ಕೆ ಮುಂಚೆ, ಸೂಪರ್‌ಕಂಡಕ್ಟರಿನಲ್ಲಿ ತಡೆಯೇ ಇಲ್ಲದೆ ಹರಿಯುವ ಈ ದಣಿವಿಲ್ಲದ ವಿದ್ಯುತ್ತು ಬೇಕೆಂದರೆ ಹೀಲಿಯಂ ದ್ರವದ ಭಯಂಕರ ಚಳಿ ಬೇಕಿತ್ತು. ಅದು ಚಿನ್ನದ ಹಾಗೆ ದುಬಾರಿ. ಆ ವರ್ಷ ಬಂದ ಹೊಸ ವಸ್ತುಗಳಿಗೆ ದ್ರವ ಸಾರಜನಕದ ಚಳಿಯೇ ಸಾಕಾಯಿತು. "ಅದು ಹಾಲಿನ ರೇಟಿಗೆ ಸಿಗ್ತಿತ್ತಮ್ಮಾ! ಯಾರೂ ಮನೆಗೆ ಹೋಗ್ತಿರಲಿಲ್ಲ. ಪೌಡರ್ ಅರೆಯೋದು, ಕುಲುಮೆಗೆ ಹಾಕೋದು, ಅಳೆಯೋದು. ಬೆಳಗ್ಗೆ ಎದ್ದರೆ ಇನ್ನೊಂದು ದೇಶದವರು ನಮಗಿಂತ ಮುಂದೆ. ಹಬ್ಬದ ಮನೆ ಇದ್ದಂಗಿತ್ತು."

"ನಮ್ಮ ಮನೇಲಿ ಮಾತ್ರ ಹಬ್ಬ ಇರಲಿಲ್ಲ" ಎಂದು ಆಂಟಿ ಅಡುಗೆಮನೆಯಿಂದ ಸೇರಿಸುತ್ತಿದ್ದರು. "ಯುಗಾದಿ ದಿನ ಹೋಳಿಗೆ ಡಬ್ಬಿ ಹಿಡ್ಕೊಂಡು ಆ ನೆಲಮಾಳಿಗೆಗೆ ನಾನೇ ಹೋಗಿದ್ದೆ. ಇವರು ಕುಲುಮೆಯ ಮೂಸೆ ಮುಂದೆ ಕೂತಿದ್ರು, ತೊಟ್ಟಿಲ ಮುಂದೆ ಕೂತ ಹಾಗೆ."

ಆ ಮೂಸೆಯಲ್ಲಿ, ಎಂಬತ್ತೊಂಬತ್ತರಲ್ಲಿ, ಸರ್ ತಮ್ಮ ಕೈಯಾರೆ ಬಿಸ್ಮತ್ತಿನ ಹರಳುಗಳನ್ನು ಬೆಳೆಸಿದ್ದರು. ಅವುಗಳ ಗುಣ ಏನೆಂದು ಅವರು ನನಗೆ ಚಿರೋಟಿ ಇಟ್ಟುಕೊಂಡು ಹೇಳಿದರು, ನನಗೆ ಮೊದಲೇ ಗೊತ್ತಿದ್ದರೂ. ಚಿರೋಟಿಯ ಪದರುಗಳಂತೆ ಒಂದರ ಮೇಲೊಂದು ತಾಮ್ರ-ಆಮ್ಲಜನಕದ ಹಾಳೆಗಳು. ಹಾಳೆಯೊಳಗೇ ವಿದ್ಯುತ್ತು ಹರಿಸಿದರೆ ಸಲೀಸು. ಒಂದು ಹಾಳೆಯಿಂದ ಮೇಲಿನದಕ್ಕೆ ದಾಟಿಸಹೋದರೆ ಹತ್ತಾರು ಸಾವಿರ ಪಟ್ಟು ತಡೆ. ಅಂದರೆ ನೋಡಲು ಗಟ್ಟಿ ಹರಳು, ನಡತೆಯಲ್ಲಿ ಬಿಡಿ ಹಾಳೆಗಳ ಕಟ್ಟು. ಉದ್ದ ಅಗಲ ಮಾತ್ರ ಇದೆ, ಎತ್ತರ ಎನ್ನುವುದು ಹೆಸರಿಗಷ್ಟೆ.

"ಆಗ ನಾನು ಮೀಟಿಂಗಿನಲ್ಲಿ ಎದ್ದು ನಿಂತು ಹೇಳ್ದೆ, ಇದರ ಒಂದೇ ಒಂದು ಪದರಾನೂ ಪೂರ್ತಿ ಸೂಪರ್‌ಕಂಡಕ್ಟರ್ರೇ, ಜೊತೆಗಾರರು ಬೇಕಿಲ್ಲ ಅಂತ. ಮುಂದಿನ ಸಾಲಲ್ಲಿ ಕೂತಿದ್ದ ದೊಡ್ಡ ಮನುಷ್ಯರೊಬ್ಬರು ಕನ್ನಡಕ ತೆಗೆದು, 'ಆ ಒಂದು ಪದರ ತಗೊಂಡು ಬನ್ನಿ, ಆಮೇಲೆ ಮಾತಾಡೋಣ' ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ."

ಆಮೇಲೆ ಏಳು ವರ್ಷ ಬ್ಲೇಡು, ಗೋಂದು, ಟೇಪು ಹಿಡಿದು ಹೆಣಗಿದರು. ಒಂದು ಪದರದ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದೂವರೆ ಪಾಲು. ಕೈಗೆ ಸಿಗಲಿಲ್ಲ. ಗ್ರಾಂಟ್ ಮುಗಿಯಿತು. ನಿವೃತ್ತಿಯವರೆಗೆ ಕ್ರೋಯ್ಡನ್ನಿನ ಒಂದು ಕಾಲೇಜಿನಲ್ಲಿ ಹದಿನಾರರ ಹುಡುಗರಿಗೆ ಓಮ್‌ನ ನಿಯಮ ಪಾಠ ಮಾಡಿದರು. ಹಳೇ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿಯಲ್ಲಿ ಆರು ಹರಳು ಉಳಿದವು.

ಈಗ ಅವರ ಕಣ್ಣು ಹೋಗುತ್ತಿತ್ತು. ನೇರ ನೋಡಿದರೆ ನಡುವೆ ಬೂದಿ ಎರಚಿದ ಹಾಗೆ, ಓರೆಯಾಗಿ ನೋಡಿದರೆ ಸುತ್ತಲಿನದು ಕಾಣುತ್ತದೆ. ಕಣ್ಣಿಗೆ ಇಂಜೆಕ್ಷನ್ ಕೊಡುತ್ತಿದ್ದ ಡಾಕ್ಟರು ಬರುವ ಬೇಸಿಗೆಯ ಹೊತ್ತಿಗೆ ಗೆರೆ, ಅಕ್ಷರ ಯಾವುದೂ ತಿಳಿಯಲಿಕ್ಕಿಲ್ಲ ಎಂದಿದ್ದರು. ಅದನ್ನು ಹೇಳಿದ ದಿನವೇ ಸರ್ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ನನ್ನ ಹರಳಿನದೇ ಒಂದು ಪದರ, ಪ್ರಾಚಿ. ಚಳಿ ಏರಿದ ಹಾಗೆ ಅದರ ತಡೆಯ ಗೆರೆ ಸೊನ್ನೆಗಿಳಿಯೋದನ್ನ ನನ್ನ ಕಣ್ಣಲ್ಲೇ ನೋಡಬೇಕು. ಮಾಡ್ತೀಯಾ?"

ನನ್ನ ಬಾಯಿ ತುಂಬ ಚಿರೋಟಿ ಇತ್ತು. "ಮಾಡ್ತೀನ್ರೀ ಸರ್" ಎಂದುಬಿಟ್ಟೆ. ಕತೆಗಳಲ್ಲಿ ಮಾತು ಕೊಡುವವರೆಲ್ಲ ಯಾಕೆ ಅಷ್ಟು ಸುಲಭವಾಗಿ ಕೊಡುತ್ತಾರೆಂದು ಅವತ್ತು ತಿಳಿಯಿತು.

ನನ್ನ ಪಕ್ಕದ ಮೇಜಿನ ಕಶ್ಯಪ್ ಬೆಂಗಳೂರಿನವನು, ಎಲ್ಲವನ್ನೂ ಎಷ್ಟು ಪೇಪರಾಗುತ್ತದೆ ಎಂದು ಅಳೆಯುವವನು. "ಅಲ್ಲ ಕಣೇ, ಒಂದು ಪದರದ ಕೆಲಸ ಬೇರೆ ಕಡೆ ಆಗಲೇ ಮಾಡಿ ಪ್ರಿಂಟೂ ಆಗಿದೆ. ಜನ ಮುಂದಕ್ಕೆ ಹೋದ್ರು. ನಿಂಗೆ ಇದರಿಂದ ಅರ್ಧ ಪೇಪರೂ ಬರಲ್ಲ."

ಅದು ನಿಜ. ಸಂಕೋಚದಿಂದಲೇ ಸರ್‌ಗೆ ಹೇಳಿದೆ. ಅವರು ನಕ್ಕರು. "ಗೊತ್ತಮ್ಮಾ, ಶೋಭಾ ಕೈಲಿ ಓದಿಸ್ಕೊಂಡಿದ್ದೀನಿ. ನಾನು ಹೇಳಿದ್ದು ಸರಿ ಅಂತ ಗೊತ್ತಾಗಿ ಒಂದು ವಾರ ಖುಷಿಯಾಗಿದ್ದೆ. ಆದ್ರೆ ಪಕ್ಕದ ಮನೆ ಮದುವೆ ವಿಡಿಯೋ ಎಷ್ಟು ಸಲ ನೋಡಕ್ಕಾಗುತ್ತೆ? ನಮ್ಮನೇದು ಯಾವಾಗ?"

ಮೊದಲ ಹರಳನ್ನು ಟೇಪಿಗಂಟಿಸಿ ಎಳೆದಾಗ ಅದು ಪುಡಿಯಾಯಿತು. ಎರಡನೆಯದರಲ್ಲಿ ಪದರ ಸಿಕ್ಕಿತು, ತಂತಿ ಕೂರಿಸುವಷ್ಟರಲ್ಲಿ ಹರಿಯಿತು. ಮೂರನೆಯದು ಏನಾಯಿತೆಂದು ನನಗೇ ಗೊತ್ತಿಲ್ಲ. ಸೂಕ್ಷ್ಮದರ್ಶಕದಲ್ಲಿ ಮಧ್ಯಾಹ್ನ ಇದ್ದದ್ದು ಟೀ ಕುಡಿದು ಬರುವಷ್ಟರಲ್ಲಿ ಇಲ್ಲ. ಗಾಳಿಯಲ್ಲಿನ ತೇವ ಒಂಟಿ ಪದರವನ್ನು ತಿಂದುಹಾಕುತ್ತದೆ ಎಂದು ಪುಸ್ತಕದಲ್ಲಿ ಓದುವುದು ಬೇರೆ, ಕಣ್ಣೆದುರೇ ಅದು ಮಾಸುವುದನ್ನು ನೋಡುವುದು ಬೇರೆ. ಆಮೇಲೆ ನನ್ನ ಗೈಡನ್ನು ಕಾಡಿಬೇಡಿ ಗ್ಲೌ ಬಾಕ್ಸ್ ಕೇಳಿದೆ. ಅದು ಒಣ ಅನಿಲ ತುಂಬಿದ ಗಾಜಿನ ಪೆಟ್ಟಿಗೆ. ಅದಕ್ಕಂಟಿದ ರಬ್ಬರಿನ ಕೈಗವಸಿನೊಳಗೆ ಕೈ ತೂರಿಸಿ ಕೆಲಸ ಮಾಡಬೇಕು. ಅದರಲ್ಲಿ ನಾಲ್ಕನೆಯದೂ ಐದನೆಯದೂ ಹೋದವು, ಆದರೆ ಹೋಗುತ್ತ ಹೋಗುತ್ತ ಕೈಗೆ ಕೆಲಸ ಕಲಿಸಿದವು.

ಆರನೆಯದನ್ನು ಸರ್ ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ಎಲ್ಲಕ್ಕಿಂತ ಚೆನ್ನಾಗಿ ಬೆಳೆದ ಹರಳು. "ನಿನ್ನ ಕೈ ಪಳಗಿದ ಮೇಲೆ ಇದು" ಎಂದಿದ್ದರು. ಮಹಾನವಮಿಯ ದಿನ ಬಂದು ತೆಗೆದುಕೊಂಡು ಹೋಗು, ಊಟಕ್ಕೂ ಇರು ಎಂದು ಫೋನು ಬಂತು.

ನಾನು ಹೋದಾಗ ಆಯುಧಪೂಜೆ ಮುಗಿದಿತ್ತು. ದೇವರ ಮುಂದಿನ ಮಣೆಯ ಮೇಲೆ ಆಂಟಿಯ ಹೊಲಿಗೆ ಯಂತ್ರ, ಕತ್ತರಿ, ಕಾರಿನ ಕೀ, ಮಿಕ್ಸಿಯ ಜಾರು, ಸರ್ ಅವರ ಹಳೇ ಚಿಮುಟ, ಭೂತಗನ್ನಡಿ, ಎಲ್ಲಕ್ಕೂ ಅರಿಸಿನ ಕುಂಕುಮ, ಚೆಂಡುಹೂವು. ಚಿಮುಟದ ಪಕ್ಕ ಒಂದು ವೀಳ್ಯದೆಲೆ. ಎಲೆಯ ಮೇಲೆ ನಾಲ್ಕಾರು ಅಕ್ಷತೆ ಕಾಳು, ಅವುಗಳ ನಡುವೆ ಕೆಂಪು ಬೊಟ್ಟಿಟ್ಟ ಒಂದು ಕಪ್ಪು ಚೂರು. ಅದರ ಮೇಲೆ ಹನಿ ನೀರು ಇನ್ನೂ ಹೊಳೆಯುತ್ತಿತ್ತು.

"ಆಂಟೀ" ಎಂದೆ. ಎಲೆಯ ಕಡೆ ಬೆರಳು ತೋರಿಸಿದೆ.

ಪ್ರತಿ ವರ್ಷವೂ ಸರ್ ತಮ್ಮ ಆಯುಧವೆಂದು ಆ ಡಬ್ಬಿಯನ್ನು ಪೂಜೆಗಿಡುತ್ತಿದ್ದರು. ಮುಚ್ಚಿದ ಡಬ್ಬಿ, ಮುಚ್ಚಳದ ಮೇಲೆ ಆಂಟಿ ಒಂದು ಬೊಟ್ಟಿಡುತ್ತಿದ್ದರು. ಈ ಸಲ, ಕೊಟ್ಟುಬಿಡುವ ಹರಳಲ್ಲವೇ, ಒಮ್ಮೆ ಮುಟ್ಟಿ ನೋಡೋಣವೆಂದು ಸರ್ ಅದನ್ನು ಎಲೆಯ ಮೇಲೆ ತೆಗೆದಿದ್ದಾರೆ. ಅಷ್ಟರಲ್ಲಿ ಯಾರದೋ ಫೋನು. ಬಂದು ಮುಚ್ಚಳ ಹಾಕಿದ್ದಾರೆ, ಖಾಲಿ ಡಬ್ಬಿಗೆ. ಎಲೆಯ ಹಸಿರಿನ ಮೇಲೆ ಕಪ್ಪು ಚೂರು ಅವರ ಕಣ್ಣಿಗೆ ಕಂಡಿಲ್ಲ. ಆಂಟಿ ಹೂವಿನಲ್ಲಿ ನೀರು ಚಿಮುಕಿಸಿ, ಎಲೆಯ ಮೇಲೆ ಗಂಡ ಏನೋ ಇಟ್ಟಿದ್ದಾರೆಂದು ಭಕ್ತಿಯಿಂದ ಅದಕ್ಕೂ ಅರಿಸಿನ ಕುಂಕುಮ ಹಚ್ಚಿದ್ದಾರೆ.

ವಿಷಯ ತಿಳಿದ ಮೇಲೆ ಆಂಟಿ ಸೆರಗು ಬಾಯಿಗಿಟ್ಟುಕೊಂಡು ಕೂತುಬಿಟ್ಟರು. "ಮೂವತ್ತೈದು ವರ್ಷ ಕಾಪಾಡಿದ್ದನ್ನ ನಾನೇ ನೆನೆಸಿ ಹಾಳು ಮಾಡ್ದೆನಲ್ಲಪ್ಪಾ. ಒಂದು ಮಾತು ಹೇಳಬಾರದಾಗಿತ್ತಾ ನೀವು?"

"ಕಂಡಿದ್ರೆ ತಾನೇ ಹೇಳೋದು?" ಎಂದರು ಸರ್. ತಡಕಾಡಿ ಅವರ ಪಕ್ಕ ಕೂತರು. "ಅಳಬೇಡ್ವೇ. ನೀರು ಬಿದ್ದಿರೋದು ಮೇಲಿನ ಪದರಗಳಿಗೆ. ಅಂಚಿನಿಂದಾನೂ ಸ್ವಲ್ಪ ಒಳಗೆ ಹೋಗಿರುತ್ತೆ. ಆದ್ರೆ ಕೆಳಗಿನವಕ್ಕೆ ಮೇಲೆ ಏನಾಯ್ತು ಅಂತ ಗೊತ್ತೇ ಇರಲ್ಲ. ಇಷ್ಟು ವರ್ಷ ನಾನು ಹೇಳ್ತಾ ಬಂದಿದ್ದು ಅದನ್ನೇ ಅಲ್ವಾ? ಅವು ಬಿಡಿಬಿಡಿ ಹಾಳೆ. ಒಂದು ಕೆಟ್ಟರೆ ಇನ್ನೊಂದು ಕೆಡಲ್ಲ." ಅವರ ದನಿ ಧೈರ್ಯವಾಗಿತ್ತು. "ಹೌದಲ್ವಾ ಪ್ರಾಚಿ?" ಎಂದು ನನ್ನ ಕಡೆ ಮುಖ ಮಾಡಿದರು, ಕಣ್ಣು ನನ್ನ ಕಿವಿಯ ಪಕ್ಕದ ಗೋಡೆಯ ಮೇಲಿತ್ತು.

"ಹೌದ್ರೀ ಸರ್" ಎಂದೆ. ಇದೊಂದು ಹಳೇ ಹರಳು, ಮೂವತ್ತೈದು ವರ್ಷದಲ್ಲಿ ಎಷ್ಟು ಬಿರುಕು ಬಿಟ್ಟಿದೆಯೋ, ನೀರು ಎಷ್ಟು ಆಳಕ್ಕೆ ಹೋಗಿದೆಯೋ ಯಾರಿಗೆ ಗೊತ್ತು ಎಂದು ಹೇಳಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಹರಳನ್ನು ಕುಂಕುಮದ ಸಮೇತ ಡಬ್ಬಿಗೆ ಹಾಕಿಕೊಂಡು ರೈಲು ಹತ್ತಿದೆ. ಲ್ಯಾಬಿನಲ್ಲಿ ಅದನ್ನು ನೋಡಿದ ಕಶ್ಯಪ್ ಮೊದಲು ಜೋರಾಗಿ ನಕ್ಕ, ಆಮೇಲೆ ನನ್ನ ಮುಖ ನೋಡಿ ಕುರ್ಚಿ ಹತ್ತಿರಕ್ಕೆಳೆದುಕೊಂಡ. "ನೋಡು, ಕಪಾಟಲ್ಲಿ ನಮ್ಮದೇ ಹೊಸ ಹರಳುಗಳಿವೆ. ಅದರದ್ದೊಂದು ಪದರ ಹಾಕು. ಗೆರೆ ಒಂದೇ ಥರ ಬರುತ್ತೆ. ಪಾಪ, ಅವರಿಗೆ ಕಣ್ಣೂ ಕಾಣಲ್ಲ. ಖುಷಿಯಾಗಿ ಹೋಗ್ತಾರೆ. ಯಾರಿಗೇನು ನಷ್ಟ?"

ಆ ಮಾತು ನನ್ನನ್ನು ಮೂರು ದಿನ ಕಾಡಿತು. ಕೆಟ್ಟ ಮಾತೇನಲ್ಲ, ದಯೆಯ ಮಾತೇ. ಕೆಂಟನ್ನಿನ ಅಡುಗೆಮನೆಯಲ್ಲಿ ಆಯಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ, ಅರಮನೆಯ ಕತೆಯನ್ನಾಗಿಯೇ ಅದನ್ನು ಹೇಳಿದೆ. ಹುಡುಗಿಗೆ ಒಂದು ಅಂತಸ್ತು ಬಿಡಿಸಿಕೊಡು ಅಂದಿದ್ದಾರೆ, ಅದು ಕೆಟ್ಟಿರಬಹುದು, ಪಕ್ಕದಲ್ಲೇ ಅಂಥದೇ ಇನ್ನೊಂದು ಅರಮನೆ ಇದೆ, ಅದರದನ್ನು ಕೊಟ್ಟರೆ ಮುದುಕನಿಗೆ ಗೊತ್ತಾಗುವುದಿಲ್ಲ.

ಆಯಿ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಕಟ್ಟಿದಾಂವ ಯಾರು?"

"ಮುದುಕಾನೇ."

"ಮತ್ತ? ತಾ ಕಟ್ಟಿದ್ದ ನಿಂತದೋ ಬಿದ್ದದೋ ಅಂತ ಕೇಳಾಕತ್ತಾನ ಅಂವ. ಮಂದೀ ಮನಿ ತೋರಿಸಿ ನಿಂತದ ಅಂದ್ರ, ಅವನ ಮನಿ ಬಿದ್ದಿದ್ರೂ ಅವಗ ಗೊತ್ತಾಗದಂಗ ಮಾಡಿದಿ. ಅಂವ ಕೇಳಿದ್ದಕ್ಕ ನೀ ಏನೂ ಹೇಳಲೇ ಇಲ್ಲ." ಕಡ್ಡಿ ಬದಿಗಿಟ್ಟು ಕೇಳಿದಳು: "ಆ ಹುಡುಗಿ ಹೆಸರೇನವಾ?"

ನಾನು ಒಂದು ಕಟ್ಟು ಸೊಪ್ಪು ಎಳೆದುಕೊಂಡು ಬಿಡಿಸತೊಡಗಿದೆ. ಆಯಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮರುದಿನ ಬೆಳಗ್ಗೆ ಗ್ಲೌ ಬಾಕ್ಸಿನೊಳಗೆ ಕೈ ತೂರಿಸಿದೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಟೇಪನ್ನು ಹರಳಿನ ಮೇಲೊತ್ತಿ ಮೆಲ್ಲಗೆ ಎಳೆದೆ. ಮೊದಲ ಎಳೆತಕ್ಕೆ ಕುಂಕುಮ ಬಂತು, ಕುಂಕುಮದಡಿಯ ಅರಿಸಿನ ಬಂತು.

"ಹೋಳಿ ಆಡಿದಂಗಿದೆ ಪೆಟ್ಟಿಗೆ. ಗೈಡ್ ಕೇಳಿದ್ರೆ ಏನು ಕೆಮಿಕಲ್ ಅಂತೀಯಾ?" ಎಂದ ಕಶ್ಯಪ್.

ಎರಡನೇ ಟೇಪಿಗೆ ಬಂದದ್ದು ಬೂದು ಬಣ್ಣದ, ಕಳೆಯಿಲ್ಲದ ಚಕ್ಕೆ. ನೀರು ಇಲ್ಲಿಗೂ ಬಂದಿತ್ತು. ಮೂರನೆಯದೂ ಬೂದು. ನಾಲ್ಕನೆಯದರಲ್ಲಿ ಅಂಚುಗಳು ಬೂದು, ನಡುವೆ ಮಂಕು ಕಪ್ಪು. ಹರಳು ಈಗ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಇನ್ನೊಂದೆರಡು ಸಲ ಎಳೆದರೆ ಎಳೆಯಲು ಏನೂ ಇರುವುದಿಲ್ಲ. ರಬ್ಬರಿನೊಳಗೆ ನನ್ನ ಬೆರಳು ಬೆವರಿ ಜಾರುತ್ತಿತ್ತು. ಕಶ್ಯಪ್ ಎದ್ದು ಹಿಂದೆ ಬಂದು ನಿಂತ.

ಐದನೇ ಟೇಪು ತೆಗೆದಾಗ ನಡುವೆ ಎಳ್ಳುಕಾಳಿನಷ್ಟು ಜಾಗದಲ್ಲಿ ಕನ್ನಡಿ ಕಂಡಿತು. ಎಂಬತ್ತೊಂಬತ್ತರಲ್ಲಿ ಮೂಸೆಯೊಳಗೆ ಮುಚ್ಚಿಕೊಂಡ ಮೇಲೆ ಮೊದಲ ಸಲ ಬೆಳಕು ಕಂಡ ಕನ್ನಡಿ. ಪೆಟ್ಟಿಗೆಯ ದೀಪ ಅದರಲ್ಲಿ ನೆಟ್ಟಗೆ ಮೂಡಿತ್ತು.

"ಬದುಕಿದೆ ಕಣೇ" ಎಂದ ಕಶ್ಯಪ್, ಪಿಸುದನಿಯಲ್ಲಿ.

ಆ ಎಳ್ಳುಕಾಳನ್ನು ಟೇಪಿನಿಂದ ಟೇಪಿಗೆ ದಾಟಿಸುತ್ತ ಇನ್ನೂ ತೆಳ್ಳಗೆ ಮಾಡಿ, ಕೊರೆಯುವ ಚಳಿಯಲ್ಲಿಟ್ಟ ಸಿಲಿಕಾನ್ ಬಿಲ್ಲೆಯ ಮೇಲೊತ್ತಿ, ಎರಡು ದಿನ ಸೂಕ್ಷ್ಮದರ್ಶಕದಲ್ಲಿ ಹುಡುಕಿದೆ. ದಪ್ಪ ಚಕ್ಕೆಗಳು ಹಳದಿಯಾಗಿ ಮಿನುಗುತ್ತವೆ. ಒಂಟಿ ಪದರ ಕಂಡೂ ಕಾಣದ ನೆರಳು. ಮೂರನೇ ದಿನ ಸಿಕ್ಕಿತು, ಮಾವಿನೆಲೆಯ ಆಕಾರದ್ದು. ಎತ್ತರ ಅಳೆಯುವ ಸೂಜಿ ಅದರ ಮೇಲೆ ಹಾಯ್ದು ಒಂದೂವರೆ ನ್ಯಾನೋಮೀಟರ್ ಎಂದಿತು. ಒಂದೇ ಅಂತಸ್ತು. ಅದರ ಮೇಲೆ ನಾಲ್ಕು ಚಿನ್ನದ ಪಟ್ಟಿ ಕೂರಿಸಿ, ಮೇಲೊಂದು ರಕ್ಷಣೆಯ ಹೊದಿಕೆ ಹಾಕಿ, ತಣಿಸುವ ಯಂತ್ರದೊಳಗಿಟ್ಟೆ. ಅಳತೆ ಮಾತ್ರ ಮಾಡಲಿಲ್ಲ. ಮೊದಲ ಸಲ ಗೆರೆ ಮೂಡುವಾಗ ಸರ್ ಎದುರಿಗಿರಬೇಕಿತ್ತು.

ಆದರೆ ಕಂಪ್ಯೂಟರಿನ ಪರದೆ ಅವರಿಗೆ ಆಗುವುದಿಲ್ಲ. ಆ ಹೊಳಪಿಗೆ ಕಣ್ಣಿನ ಬೂದಿ ಇನ್ನೂ ಹರಡುತ್ತದೆ. ಅದಕ್ಕೆ ಕಶ್ಯಪ್‌ನೇ ಉಪಾಯ ತಂದ. ಉಗ್ರಾಣದಲ್ಲಿ, ಬಿಸಾಡುವ ಸಾಮಾನಿನ ರಾಶಿಯಲ್ಲಿ, ಹಳೇ ಕಾಲದ ರೆಕಾರ್ಡರ್ ಒಂದಿತ್ತು. ಅಳತೆ ಬದಲಾದ ಹಾಗೆ ದೊಡ್ಡ ಕಾಗದದ ಮೇಲೆ ಪೆನ್ನು ತಾನೇ ಓಡಾಡಿ ಗೆರೆ ಎಳೆಯುವಂಥದ್ದು. ಎಣ್ಣೆ ಬಿಟ್ಟು, ಒಣಗಿದ ಪೆನ್ನಿನ ಜಾಗದಲ್ಲಿ ದಪ್ಪನೆಯ ಕಪ್ಪು ಮಾರ್ಕರನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದ. "ಪೇಪರ್ ಬರಲ್ಲ ಅಂದಿದ್ದೆ, ವಾಪಸ್ ತಗೊಂಡೆ. ಪೇಪರ್ ಇಲ್ಲೇ ಇದೆ ನೋಡು" ಎಂದು ಹಾಳೆ ಹಾಸಿದ.

ಶನಿವಾರ ಬೆಳಗ್ಗೆ ಸರ್ ಮತ್ತು ಆಂಟಿ ಲಂಡನ್ ಬ್ರಿಡ್ಜ್ ಸ್ಟೇಷನ್ನಿಗೆ ಬಂದಿಳಿದರು. ಸರ್ ಕೋಟು ಟೈ ಹಾಕಿಕೊಂಡಿದ್ದರು. ಲಿಫ್ಟಿನಲ್ಲಿ ನಮ್ಮ ಲ್ಯಾಬಿನ ನೆಲಮಾಳಿಗೆಗೆ ಇಳಿದು ಬಾಗಿಲು ತೆಗೆದಾಗ, ಪಂಪಿನ ಸದ್ದಿಗೆ ಅವರು ಹೊಸ್ತಿಲಲ್ಲೇ ನಿಂತರು.

"ಅದೇ ಸದ್ದು. ಎಣ್ಣೆ ವಾಸನೆ ಕೂಡ ಅದೇ. ಅಲ್ವೇನೇ?"

"ಹೋಳಿಗೆ ಡಬ್ಬಿ ಒಂದು ಇಲ್ಲ" ಎಂದರು ಆಂಟಿ.

ರೆಕಾರ್ಡರನ್ನು ಸರ್ ಕೈಯಿಂದ ಸವರಿ ಗುರುತು ಹಿಡಿದರು. "ಅರೆ, ಇವನಿನ್ನೂ ಬದುಕಿದ್ದಾನಾ!" ಎಂದು ಅದರ ಮೈ ತಟ್ಟಿದರು. ಅವರನ್ನು ಕಾಗದದ ಪಕ್ಕ ಓರೆಯಾಗಿ ಕೂರಿಸಿದೆ, ಕಣ್ಣಿನ ಅಂಚಿನಿಂದ ಗೆರೆ ಕಾಣುವ ಹಾಗೆ. ತಣಿಸುವ ಯಂತ್ರ ಶುರು ಮಾಡಿದೆ.

ಮಾರ್ಕರ್ ಕಾಗದದ ಬಲಗಡೆಯಿಂದ ಹೊರಟಿತು. ಚಳಿ ಹೆಚ್ಚಿದ ಹಾಗೆ ಎಡಕ್ಕೆ ಸರಿಯುತ್ತ, ತಡೆ ತಗ್ಗಿದ ಹಾಗೆ ಸಣ್ಣ ಇಳಿಜಾರಿನಲ್ಲಿ ಇಳಿಯತೊಡಗಿತು. ಮುಕ್ಕಾಲು ಗಂಟೆ ಬರೀ ಇದೇ ಇಳಿಜಾರು. ಆಂಟಿ ಎರಡು ಸಲ ಗಡಿಯಾರ ನೋಡಿದರು. ತೊಂಬತ್ತು ಕೆಲ್ವಿನ್ ಹತ್ತಿರ, ಅಂದರೆ ನೀರು ಹೆಪ್ಪುಗಟ್ಟುವುದಕ್ಕಿಂತ ಸುಮಾರು ನೂರೆಂಬತ್ತು ಡಿಗ್ರಿ ಕೆಳಗೆ, ಬಂದಾಗ ಗೆರೆ ಬಾಗಿತು.

"ಬಾಗ್ತು" ಎಂದರು ಸರ್, ನಾನು ಹೇಳುವ ಮೊದಲೇ.

"ಬೀಳ್ತಾ ಇಲ್ವಲ್ಲಾ, ಜಾರ್ತಾ ಇದೆ" ಎಂದರು ಆಂಟಿ ಗಾಬರಿಯಾಗಿ. "ಕೆಟ್ಟೋಯ್ತಾ? ನೀರು ಬಿದ್ದಿದ್ದಕ್ಕಾ?"

"ಇಲ್ಲ ಕಣೇ, ಹೀಗೇ ಇಳೀಬೇಕು! ದಪ್ಪ ಹರಳಾದ್ರೆ ದೊಪ್ಪಂತ ಬೀಳುತ್ತೆ. ಒಂದೇ ಹಾಳೆ ಇದ್ದಾಗ ಅದರಲ್ಲಿ ಪುಟ್ಟ ಸುಳಿಗಳು ಏಳ್ತವೆ, ಒಂದು ಬಲಕ್ಕೆ ತಿರುಗೋದು, ಒಂದು ಎಡಕ್ಕೆ. ಬೆಚ್ಚಗಿದ್ರೆ ತಮ್ಮ ಪಾಡಿಗೆ ಅಲೀತಾ ದಾರೀಲಿ ಅಡ್ಡ ಬರ್ತವೆ. ಚಳಿ ಹೆಚ್ಚಾದ ಹಾಗೆ ಎಡದ್ದೂ ಬಲದ್ದೂ ಅಂಟ್ಕೊಳ್ತವೆ. ಆಮೇಲೆ ತೊಂದರೆ ಇಲ್ಲ. ಅದಕ್ಕೇ ಹೀಗೆ ಜಾರ್ತಾ ಇಳಿಯೋದು. ಇದು ಎತ್ತರ ಇಲ್ಲದ ಲೋಕದ ಸಹಿ!"

"ನಿಮ್ಮ ಥರಾನೇ ಅನ್ನಿ. ಚಳಿಯಾದ್ರೆ ಮಾತ್ರ ಹತ್ತಿರ ಬರೋದು."

ಕಶ್ಯಪ್ ಕೆಮ್ಮಿದ. ನಾನು ತಾಪಮಾನ ಓದುತ್ತಿದ್ದೆ: ಎಂಬತ್ತೈದು, ಎಂಬತ್ತೆರಡು, ಎಂಬತ್ತು. ಎಪ್ಪತ್ತೊಂಬತ್ತಕ್ಕೆ ಮಾರ್ಕರ್ ಕಾಗದದ ಬುಡದ ಗೆರೆಯನ್ನು ಮುಟ್ಟಿ, ಅದರ ಮೇಲೆಯೇ ಎಡಕ್ಕೆ ಓಡತೊಡಗಿತು. ನಾನು ಕಶ್ಯಪ್ ಕಡೆ ನೋಡಿ ನಕ್ಕೆ. ಸರ್ ಮುಖದಲ್ಲಿ ಮಾತ್ರ ನಗುವಿರಲಿಲ್ಲ.

"ಅಳತೆಯನ್ನ ಹತ್ತು ಪಟ್ಟು ಹಿಗ್ಗಿಸು. ಚೂರು ತಡೆ ಉಳಿದಿದ್ರೂ ಕಾಣುತ್ತೆ."

ಹಿಗ್ಗಿಸಿದೆ. ಮಾರ್ಕರ್ ಕೊಂಚ ನಡುಗಿತು, ಮೇಲೇಳಲಿಲ್ಲ.

"ನೂರು ಪಟ್ಟು."

ಆಗಲೂ ಏಳಲಿಲ್ಲ.

"ತಂತಿ ಕಿತ್ತುಹೋಗಿದ್ರೂ ಸೊನ್ನೆ ಬರಬಹುದು, ಪ್ರಾಚಿ. ನಾನು ಆ ಕಾಲದಲ್ಲಿ ಎರಡು ಸಲ ಹಾಗೆ ಏಮಾರಿದ್ದೀನಿ. ಮತ್ತೆ ಬಿಸಿ ಮಾಡು. ಹೋದ ದಾರೀಲೇ ವಾಪಸ್ ಬರುತ್ತಾ ನೋಡೋಣ."

ಅಳತೆಯನ್ನು ಮೊದಲಿನಂತೆ ಮಾಡಿ, ಬಿಸಿಗೆ ಹಾಕಿದೆ. ಎಪ್ಪತ್ತೊಂಬತ್ತು ದಾಟಿದ್ದೇ ಮಾರ್ಕರ್ ನೆಲ ಬಿಟ್ಟೆದ್ದಿತು. ಮೊದಲಿನ ಗೆರೆಯ ಮೇಲೆಯೇ, ಒಂದು ಕೂದಲೂ ಆಚೀಚೆಯಾಗದೆ, ಆ ಬಾಗನ್ನು ಹತ್ತಿ ತೊಂಬತ್ತು ತಲುಪಿತು. ಸರ್ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದರು.

"ಇನ್ನೊಂದು ಸಲ ಇಳಿಸು."

ಇಳಿಸಿದೆ. ಮೂರನೇ ಸಲ ಅದೇ ದಾರಿಯಲ್ಲಿ ಜಾರಿ, ಅದೇ ಜಾಗದಲ್ಲಿ ನೆಲ ಮುಟ್ಟಿತು. ಮೂರು ಸಲ ಬರೆದ ಗೆರೆ ದಪ್ಪಗೆ, ಕಾಡಿಗೆಯ ಹಾಗೆ ಕಪ್ಪಗಿತ್ತು. ಸರ್ ಮುಖವನ್ನು ಒಂದು ಕಡೆ ವಾಲಿಸಿ, ಕಣ್ಣಿನ ಅಂಚಿನಿಂದ ಬಲದ ತುದಿಯಿಂದ ಎಡದ ತುದಿಯವರೆಗೆ ನಿಧಾನವಾಗಿ ಅದನ್ನು ನೋಡಿದರು. ಆಮೇಲೆ ತೋರುಬೆರಳನ್ನು ಬಾಗಿನ ಮೇಲಿಟ್ಟು ಇಳಿಜಾರಿನುದ್ದಕ್ಕೂ ಎಳೆದು, ಬುಡದಲ್ಲಿ ನಿಲ್ಲಿಸಿದರು. ಬೆರಳಿಗೆ ಮಸಿ ಹತ್ತಿತು.

"ಆಯ್ತೇನ್ರೀ?" ಎಂದರು ಆಂಟಿ.

"ಆಯ್ತು ಕಣೇ." ಬೆರಳು ಅಲ್ಲೇ ಇತ್ತು. "ಪ್ರಾಚಿ, ನೋಡ್ದೆನಮ್ಮಾ."